ಅಗ್ಗದ ನಾಲ್ಕು ಟೈರು

ಮೊದಲನೇ ಅಂಗಡಿಯವನ ಕಾಲರು ಹಿಡಿದದ್ದು ನಾನೇ. ಸುಳ್ಳು ಯಾಕೆ ಹೇಳಲಿ? ಸೋಮವಾರ ಒಂದು ರೇಟು ಹೇಳಿದ್ದ. ಗುರುವಾರ ಅದೇ ಟೈರಿಗೆ, ಅದೇ ಮೂಲೆಯಲ್ಲಿ ಅದೇ ಧೂಳು ಹೊತ್ತು ನಿಂತಿದ್ದ ಟೈರಿಗೆ, ಇನ್ನೊಂದು ರೇಟು ಹೇಳಿದ.

"ರಬ್ಬರ್ ಮೇಲೆ ಹೋಗಿದೆ ಅಕ್ಕಾ, ಲಾರಿ ಬಾಡಿಗೆ ಮೇಲೆ ಹೋಗಿದೆ. ನಾನೇನ್ ಮಾಡ್ಲಿ?"

"ನಿನ್ನ ಹೊಟ್ಟೆನೂ ಮುಂದೆ ಹೋಗಿದೆ. ಅದನ್ನೂ ನಾನೇ ತುಂಬಿಸ್ಬೇಕಾ?" ಎಂದೆ.

ಅವನು ನಕ್ಕ. ನಗಬಾರದಿತ್ತು. ನಾನು ಎಳೆದ ರಭಸಕ್ಕೆ ಅವನ ಅಂಗಿಯ ಎರಡು ಗುಂಡಿ ಕಿತ್ತು ಬಂದವು. ಕಪಾಳಕ್ಕೆ ಇನ್ನೇನು ಬಾರಿಸಬೇಕು, ಅಷ್ಟರಲ್ಲಿ ನನ್ನ ತಮ್ಮ ಎಡಚ ನನ್ನನ್ನು ಹೊರಗೆಳೆದುಕೊಂಡು ಬಂದ. ಎಡಗೈಯಲ್ಲೇ ಎಲ್ಲ ಕೆಲಸ ಮಾಡುವವನಾದ್ದರಿಂದ ಅವನಿಗೆ ಆ ಹೆಸರು.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಊರಿಗೆಲ್ಲ ಗೊತ್ತು. ಆದರೆ ಆ ವಾರದ ಕೋಪಕ್ಕೆ ಕಾರಣವಿತ್ತು. ಗುಡ್ಡದ ಮೇಲಿನ ಕಲ್ಲು ಕ್ವಾರಿಗೆ ದಿನಾ ಹನ್ನೆರಡು ಜನ ಕೆಲಸಗಾರರನ್ನು ಜೀಪಿನಲ್ಲಿ ಹತ್ತಿಸಿ ಇಳಿಸುವವಳು ನಾನು. ಹಿಂದಿನ ವಾರ, ಸವೆದು ನುಣ್ಣಗಾಗಿದ್ದ ಟೈರಿನಲ್ಲಿ ಇಳಿಯುವಾಗ ಜೀಪು ಎರಡನೇ ತಿರುವಿನಲ್ಲಿ ಜಾರಿ, ಒಂದು ಚಕ್ರ ಕಂದಕದ ಮೇಲೆ ಗಾಳಿಯಲ್ಲಿ ನಿಂತಿತು. ಬ್ರೇಕು ಒತ್ತಿ ಹಿಡಿದುಕೊಂಡು, ಉಸಿರು ಬಿಡದೆ, ಒಬ್ಬೊಬ್ಬರನ್ನೇ ಹಿಂದಿನಿಂದ ಇಳಿಸಿದೆ. ಕಲ್ಲಿಗೂ ಕೆಸರಿಗೂ ಆಗುವ, ದಪ್ಪ ಹಲ್ಲಿನ ಆಲ್-ಟೆರೈನ್ ಟೈರು ಹಾಕಿಸುವವರೆಗೆ ಈ ಜನರನ್ನು ಕೂರಿಸಿಕೊಳ್ಳುವುದಿಲ್ಲ ಎಂದು ಅಲ್ಲೇ ಆಣೆ ಹಾಕಿದೆ. ಅಂದಿನಿಂದ ಅವರೆಲ್ಲ ಊರಿನ ಇನ್ನೊಬ್ಬ ಡ್ರೈವರ್ ಗಡ್ಡನ ಜೀಪಿನಲ್ಲಿ ಹೋಗುತ್ತಿದ್ದರು. ಗಡ್ಡನಿಗೂ ನನಗೂ ಹಾವು ಮುಂಗುಸಿಯ ಸಂಬಂಧ. ನನ್ನ ಜೀಪು ನಿಂತದ್ದೇ ಅವನಿಗೆ ಹಬ್ಬ.

ಎರಡನೇ ಅಂಗಡಿಯಲ್ಲಿ ಕೊನೆಯ ನಾಲ್ಕು ಟೈರಿಗಾಗಿ ಇಬ್ಬರು ಗಿರಾಕಿಗಳು ಕಿತ್ತಾಡುತ್ತಿದ್ದರು. ಒಬ್ಬ ಟೈರಿನ ಮೇಲೆ ಗಟ್ಟಿಯಾಗಿ ಕೂತುಬಿಟ್ಟಿದ್ದ. ಇನ್ನೊಬ್ಬ ಅವನ ಕಿವಿ ಹಿಡಿದು ಎಬ್ಬಿಸುತ್ತಿದ್ದ. ಕೂತವನ ಮೂಗಿನ ರಕ್ತ ಹೊಸ ರಬ್ಬರಿನ ಮೇಲೆ ತೊಟ್ಟಿಕ್ಕುತ್ತಿತ್ತು, ಆದರೂ ಏಳಲೊಲ್ಲ. ಅಂಗಡಿಯವನು ಟೀ ಹೀರುತ್ತ, "ಯಾರಾದ್ರೂ ಒಬ್ರು ಗೆದ್ದು ಬನ್ನಿ, ಬಿಲ್ ಹಾಕ್ತೀನಿ" ಎನ್ನುತ್ತಿದ್ದ.

"ಮನೆಗೆ ಹೋಗೋಣ ಅಕ್ಕ," ಎಂದ ಎಡಚ. "ಮುಂದಿನ ತಿಂಗಳು ರೇಟು ಇಳಿಯತ್ತೆ."

"ಇಳಿಯತ್ತೆ, ನಿನ್ನ ಮುಖ ನೋಡಿ!"

ಹಿಂದಿನ ಬೀದಿಯಲ್ಲಿ ಒಂದು ಅಂಗಡಿಯ ಮುಂದೆ 'ಅರ್ಧ ಬೆಲೆ' ಎಂದು ಸೀಮೆಸುಣ್ಣದಲ್ಲಿ ಬರೆದಿತ್ತು. ನನ್ನ ಕಾಲು ತಾನಾಗಿಯೇ ಆ ಕಡೆ ತಿರುಗಿತು. ಎಡಚ ನನ್ನ ತೋಳು ಹಿಡಿದ.

"ಅಲ್ಲಿ ಬೇಡ ಅಕ್ಕ."

"ಯಾಕೋ?"

"ಬೇಡ ಅಂದ್ರೆ ಬೇಡ."

ಅವನು ಪಂಕ್ಚರ್ ಅಂಗಡಿಯಲ್ಲಿ ದುಡಿಯುವವನು. ಟೈರಿನವರ ಜೊತೆ ಏನೋ ಜಗಳ ಆಡಿಕೊಂಡಿರಬೇಕು ಎಂದುಕೊಂಡು, ಅವನನ್ನೂ ಎಳೆದುಕೊಂಡೇ ಒಳಗೆ ನುಗ್ಗಿದೆ.

ಒಳಗೆ ಸುಟ್ಟ ರಬ್ಬರಿನ ವಾಸನೆ. ಸೂರಿನವರೆಗೆ ಪೇರಿಸಿಟ್ಟ ಟೈರುಗಳು ಎಣ್ಣೆ ಹಚ್ಚಿದ ತಲೆಯ ಹಾಗೆ ಮಿರಿಮಿರಿ ಮಿಂಚುತ್ತಿದ್ದವು. ಕನ್ನಡಕದ ಮಾಲೀಕ "ಬನ್ನಿ ಬನ್ನಿ" ಎಂದವನು, ನನ್ನ ಹಿಂದೆ ಎಡಚನನ್ನು ಕಂಡು ಬಾಯಿ ಮುಚ್ಚಿದ. ನಾನು ಒಂದು ಟೈರನ್ನು ಉರುಳಿಸಿಕೊಂಡು ಹಲ್ಲುಗಳ ನಡುವೆ ಬೆರಳಿಟ್ಟೆ. ಅಚ್ಚಿನಲ್ಲಿ ಬಂದ ಟೈರಿನ ಗೀರುಗಳೆಲ್ಲ ಒಂದೇ ಸಮ ಇರುತ್ತವೆ. ಇಲ್ಲಿ ಪ್ರತಿ ಗೀರಿನ ಕೊನೆಯಲ್ಲೂ ಬ್ಲೇಡು ಎಡಕ್ಕೆ ತುಸು ಜಾರಿತ್ತು. ತಳದಲ್ಲಿ ರಬ್ಬರು ಮುಗಿದು, ಒಳಪದರದ ನೂಲಿನ ಎಳೆ ಬೆರಳಿಗೆ ಹತ್ತಿತು.

ನನ್ನ ಮನೆಯ ಚಪ್ಪಲಿಗಳ ಅಟ್ಟೆಯನ್ನೆಲ್ಲ ಹಳೇ ಟೈರಿನಿಂದ ಕೊರೆದು ಕೊಡುವವನು ಎಡಚ. ಆ ಜಾರು ನನಗೆ ಗೊತ್ತಿಲ್ಲವೇ?

"ಇದು ನಿನ್ನ ಕೈ," ಎಂದೆ.

ಅವನು ತಲೆ ತಗ್ಗಿಸಿದ. "ಸವೆದ ಟೈರಿಗೆ ಬಿಸಿ ಬ್ಲೇಡಲ್ಲಿ ಗೀರು ಕೊರ್ದು ಪಾಲಿಶ್ ಹಾಕೋದು, ಅಷ್ಟೇ ಅಕ್ಕ. ಊರೊಳಗೆ ಮೆಲ್ಲಗೆ ಓಡೋ ಗಾಡಿಗೆ ಅಂದ್ರು. ರೇಟ್ ಏರಿದ್ಮೇಲೆ ಎಲ್ರೂ ಅಗ್ಗದ್ದೇ ಕೇಳ್ತಾರೆ..."

ನನಗೆ ಪಿತ್ತ ನೆತ್ತಿಗೇರಿತು. ಟೈರು ಬಿಚ್ಚುವ ಕಬ್ಬಿಣದ ಲಿವರು ಗೋಡೆಗೊರಗಿತ್ತು. ಮೊದಲನೇ ಏಟಿಗೆ ಮೇಜಿನ ಗಾಜು ಪುಡಿಯಾಯಿತು. ಮಾಲೀಕ ಬೀಸಿ ಒಗೆದ ಸ್ಪ್ಯಾನರು ನನ್ನ ಕಿವಿಯ ಅಂಚನ್ನು ಹರಿದುಕೊಂಡು ಹೋಯಿತು. ಕುತ್ತಿಗೆಯ ಮೇಲೆ ಬಿಸಿಯಾಗಿ ರಕ್ತ ಇಳಿಯಿತು. ಅವನು ಇನ್ನೊಂದಕ್ಕೆ ಕೈ ಚಾಚಿದಾಗ ಮಣಿಕಟ್ಟಿನ ಮೇಲೆ ಒಂದೇಟು ಬಿಟ್ಟೆ. ಮೂಳೆ ಲಟಕ್ಕೆಂದದ್ದು ನನಗೂ ಕೇಳಿಸಿತು.

"ಕೊರೆದವನು ನಿನ್ನ ತಮ್ಮ, ನನ್ನನ್ಯಾಕೆ ಕೊಲ್ತೀಯೇ!" ಎಂದು ಅವನು ನೆಲಕ್ಕೆ ಕುಸಿದು ಅರಚಿದ. "ಬೆಳಿಗ್ಗೆ ಜನರನ್ನ ಕ್ವಾರಿಗೆ ಬಿಟ್ಟು ಬಂದು ಗಡ್ಡ ನಾಲ್ಕು ಹಾಕಿಸ್ಕೊಂಡು ಹೋದ. ಅವನಿಗಿಲ್ಲದ ತಕರಾರು ನಿನಗ್ಯಾಕೆ?"

ಲಿವರು ಕೆಳಗೆ ಹಾಕಿದೆ. ಗೋಡೆಯ ಗಡಿಯಾರದಲ್ಲಿ ನಾಲ್ಕೂವರೆ. ಐದಕ್ಕೆ ಕ್ವಾರಿ ಬಿಡುತ್ತದೆ. ಖಾಲಿ ಜೀಪು ಹೇಗೋ ಹತ್ತಿರಬಹುದು. ಹನ್ನೆರಡು ಜನರ ಭಾರ ಹೊತ್ತು, ಬ್ರೇಕಿನ ಬಿಸಿಗೆ, ಆ ಕಲ್ಲಿನ ಇಳಿಜಾರಿನಲ್ಲಿ ಈ ಟೈರು ಎರಡನೇ ತಿರುವಿನವರೆಗೂ ಬಾಳುವುದಿಲ್ಲ. ಗಡ್ಡನಿಗೆ ಫೋನು ಮಾಡಿದೆ, ಗುಡ್ಡದ ಮೇಲೆ ಸಿಗ್ನಲ್ ಎಲ್ಲಿಯದು?

ಮಾಲೀಕನ ಬೈಕು ಬಾಗಿಲಲ್ಲೇ ಇತ್ತು, ಕೀಲಿಯೂ ಅದರಲ್ಲೇ. ಎಡಚ ಹಿಂದೆ ಹಾರಿ ಕೂತ. ದಾರಿಯುದ್ದಕ್ಕೂ ಅಳುತ್ತ, "ಗಡ್ಡಂಗೆ ಕೊಟ್ಟಿದ್ದು ದೇವರಾಣೆ ಗೊತ್ತಿರ್ಲಿಲ್ಲ ಅಕ್ಕ" ಎನ್ನುತ್ತಿದ್ದ.

"ಬಾಯ್ಮುಚ್ಚು. ಇಲ್ದಿದ್ರೆ ಇಲ್ಲೇ ತಳ್ಳಿಬಿಡ್ತೀನಿ," ಎಂದೆ. ತಳ್ಳಿಯೂ ಬಿಡುತ್ತಿದ್ದೆನೇನೋ.

ಎರಡನೇ ತಿರುವು ದಾಟಿ ಮೇಲಕ್ಕೆ ಹೋಗುವಷ್ಟರಲ್ಲಿ ಜೀಪು ಇಳಿದು ಬರುತ್ತಿತ್ತು. ಬೈಕು ಎಸೆದು ದಾರಿಯ ನಡುವೆ ನಿಂತೆ. ಹೊಟ್ಟೆಕಿಚ್ಚಿಗೆ ಅಡ್ಡಗಟ್ಟಲು ಬಂದಿದ್ದೇನೆ ಎಂದುಕೊಂಡು ಗಡ್ಡ ಹಾರ್ನು ಒತ್ತಿಕೊಂಡೇ ಬಂದ. ಕೈ ಬೀಸಿದರೆ ಅವನು ನಿಲ್ಲಿಸುವ ಪೈಕಿ ಅಲ್ಲ. ಕೈಗೆ ಸಿಕ್ಕ ಕಲ್ಲೆತ್ತಿ ಬೀಸಿದೆ. ಮುಂದಿನ ಗಾಜು ಝಲ್ಲೆಂದು ಒಳಗೆ ಸುರಿಯಿತು. ಜೀಪು ಅಡ್ಡಾದಿಡ್ಡಿ ಎಳೆದಾಡಿ, ನನ್ನ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿ ನಿಂತಿತು.

ಗಡ್ಡ ಹಣೆಯಲ್ಲಿ ಗಾಜು ಚುಚ್ಚಿಕೊಂಡೇ ಜಾಕಿನ ರಾಡು ಹಿಡಿದು ಇಳಿದ. "ನನ್ನ ಅನ್ನಕ್ಕೆ ಕಲ್ಲು ಹಾಕ್ತೀಯಾ?" ಎಂದು ಬೀಸಿದ ಏಟು ನನ್ನ ಭುಜಕ್ಕೆ ಬಿತ್ತು. ತೋಳು ಸತ್ತ ಹಾಗಾಯಿತು. ಎರಡನೆಯದಕ್ಕೆ ಅವನ ಕೈ ಹಿಡಿದು ಕಚ್ಚಿದೆ, ಬಾಯೆಲ್ಲ ಉಪ್ಪುಪ್ಪಾಗುವವರೆಗೆ ಬಿಡಲಿಲ್ಲ. ನಮ್ಮನ್ನು ಬಿಡಿಸಲು ಹನ್ನೆರಡೂ ಜನ ಕೆಳಗೆ ಧುಮುಕಿದರು. ನನಗೆ ಬೇಕಾದದ್ದು ಅದೇ. ಹೊಡೆತ ಎಷ್ಟು ಬಿದ್ದರೂ ಬೀಳಲಿ, ಅವರು ಇಳಿದಿದ್ದರು.

ಆಗ ಎಡಚ ಕಿಸೆಯಿಂದ ಚಾಕು ತೆಗೆದು ಮುಂದಿನ ಚಕ್ರದ ಹತ್ತಿರ ಕೂತ. ಗೀರಿನೊಳಗೆ ತುದಿಯಿಟ್ಟು ಒತ್ತಿದ. ಚಾಕು ಹಿಡಿಯವರೆಗೂ ಇಳಿಯಿತು. ಜೀಪು ಉಸಿರು ಬಿಟ್ಟುಕೊಂಡು ಆ ಕಡೆಗೆ ವಾಲಿತು.

"ಒಳ್ಳೆ ಟೈರಿಗೆ ಚಾಕು ಹೀಗೆ ಇಳಿಯತ್ತಾ? ನೋಡಿ," ಎಂದ. "ಇದನ್ನ ಕೊರೆದಿದ್ದು ನಾನೇ."

ಎರಡನೆಯದು, ಮೂರನೆಯದು, ನಾಲ್ಕನೆಯದು. ಎಲ್ಲಕ್ಕೂ ಹಾಗೆಯೇ ಇಳಿಯಿತು. ಕಲ್ಲು ಒಡೆಯುವ ಆ ಜನ ಟೈರು ನೋಡಿದರು, ಪಕ್ಕದ ಕಂದಕ ನೋಡಿದರು. ಗಡ್ಡನ ಕೈಯಿಂದ ರಾಡು ಜಾರಿತು. ಆಮೇಲೆ ಮೊದಲನೆಯವನು ಎಡಚನ ಮುಖಕ್ಕೆ ಗುದ್ದಿದ.

ಅಪ್ಪ ಅಮ್ಮ ಹೋದ ಮೇಲೆ ಅವನನ್ನು ಸಾಕಿದವಳು ನಾನು. ಅವನ ಮೇಲೆ ಕೈ ಎತ್ತಿದವರನ್ನು ಈವರೆಗೆ ಸುಮ್ಮನೆ ಬಿಟ್ಟವಳಲ್ಲ. ಅವತ್ತು ನಿಂತು ನೋಡಿದೆ. ಮನೆಗೆ ಹೆಣವಾಗಿ ಹೋಗಬೇಕಾಗಿದ್ದವರು ಇವರು, ಆಳಿಗೊಂದು ಏಟಿನ ಹಕ್ಕಿದೆ, ಹೊಡೆದುಕೊಳ್ಳಲಿ ಎಂದು ಹಲ್ಲು ಕಚ್ಚಿಕೊಂಡು ಎಣಿಸಿದೆ. ನಾಲ್ಕನೆಯದಕ್ಕೆ ಅವನ ತುಟಿ ಸೀಳಿತು. ಏಳನೆಯದಕ್ಕೆ ಬಿದ್ದ. ಅಡ್ಡ ಕೈ ಹಿಡಿಯಲಿಲ್ಲ. "ಅಕ್ಕಾ" ಎಂದು ಒಮ್ಮೆ ಕೂಗಿದ್ದರೆ ನನ್ನ ಎಣಿಕೆ ಅಲ್ಲೇ ತಪ್ಪುತ್ತಿತ್ತು. ಕೂಗಲಿಲ್ಲ.

ಹನ್ನೆರಡನೆಯವಳು ಜಲ್ಲಿ ಹೊರುವ ಮುದುಕಿ. ಅವನ ಮುಂದೆ ಕೂತು ಕೈ ಎತ್ತಿದವಳು, ಹಾಗೇ ಇಳಿಸಿದಳು.

"ನನ್ ಕೈಲಿ ಆಗಲ್ಲ ಕಣವ್ವ," ಎಂದು ನನ್ನ ಕಡೆ ತಿರುಗಿದಳು. "ನಂದೂ ನೀನೇ ಹೊಡಿ."

ಎಡಚ ರಕ್ತ ತುಂಬಿದ ಕಣ್ಣು ಬಿಟ್ಟು ನನ್ನನ್ನು ನೋಡಿದ. ಹುಟ್ಟಿದಾಗಿನಿಂದ ಅವನಿಗೆ ನಾನು ಒಂದೇ ಒಂದು ಏಟೂ ಹೊಡೆದವಳಲ್ಲ. ಅವತ್ತು ಹೊಡೆದೆ. ಉಳಿದ ಹನ್ನೊಂದು ಜನ ಹೊಡೆದದ್ದಕ್ಕಿಂತ ಜೋರಾಗಿ ಹೊಡೆದೆ.