ಎಂಜಿನ್ ತಣ್ಣಗಾಗುವವರೆಗೆ

ನಾರಪ್ಪ ಬಾನೆಟ್ ಮೇಲೆ ಅಂಗೈ ಊರಿ ಒಂದು ಗಳಿಗೆ ಹಾಗೇ ನಿಂತ. ಬೆಚ್ಚಗಿತ್ತು. ಬಿಸಿಲಿನ ಕಾವಲ್ಲ, ಗಾಡಿ ನಿಂತಿದ್ದದ್ದು ಬೇವಿನ ಮರದ ದಟ್ಟ ನೆರಳಿನಲ್ಲಿ. ಇದು ಒಳಗಿನಿಂದ ಬಂದ ಕಾವು. ಮಗಳು ಕಲ್ಯಾಣಿಯೂ ಪಕ್ಕದಲ್ಲಿ ಕೈಯಿಟ್ಟು ನೋಡಿದಳು. ಅವಳು ಮುಖ ಗಂಟಿಕ್ಕಿದಳು.

"ಸಾವ್ಕಾರ್ರೇ, ಫೋನ್‌ನಾಗೆ ಅಷ್ಟು ಹೇಳಿದ್ನಲ್ಲ," ಎಂದಳು. "ನಾವು ಬರೋಗಂಟ ಗಾಡಿ ಸ್ಟಾರ್ಟ್ ಮಾಡ್ಬೇಡಿ ಅಂತ."

ಗಾಡಿಯ ಒಡೆಯ, ಕಲ್ಯಾಣದುರ್ಗದ ಕಡಲೆಕಾಯಿ ವ್ಯಾಪಾರಿ ಮರುಳಸಿದ್ದಪ್ಪ ಹೆಂಡತಿಯ ಕಡೆ ನೋಡಿದರು. ಬಾಗಿಲಲ್ಲಿ ನಿಂತಿದ್ದ ವೀರಭದ್ರಮ್ಮ ಯಾವ ಅಳುಕೂ ಇಲ್ಲದೆ ಮೆಟ್ಟಿಲಿಳಿದು ಬಂದರು.

"ನಾನೇ ಕಣಮ್ಮ ಮಾಡ್ಸಿದ್ದು. ಏಳು ವರ್ಷ ನಮ್ಮನೇಲಿದ್ದ ಗಾಡಿ. ಮನೆ ಬಿಟ್ಟು ಹೋಗೋ ದಿನ ವೀರಭದ್ರಸ್ವಾಮಿ ಗುಡಿ ಬಾಗ್ಲಿಗೆ ಹೋಗ್ದೆ ಎಂಗೆ ಕಳಿಸ್ಲಿ? ಬೆಳಿಗ್ಗೇನೇ ಡ್ರೈವರ್‌ನ ಕರೆಸ್ಕೊಂಡು ಹೋಗಿ ಬಂದ್ಬುಟ್ಟೆ."

ಬಿಳಿ ಬಾನೆಟ್ಟಿನ ಅಗಲಕ್ಕೂ ಮೂರು ವಿಭೂತಿ ಪಟ್ಟೆಗಳಿದ್ದವು. ಮುಂದಿನ ಚಕ್ರಕ್ಕೆ ಚಪ್ಪಟೆಯಾದ ನಿಂಬೆಹಣ್ಣಿನ ಸಿಪ್ಪೆ ಇನ್ನೂ ಅಂಟಿಕೊಂಡಿತ್ತು. ಕಲ್ಯಾಣಿ ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳು. ರಾತ್ರಿಯೆಲ್ಲ ನಿಂತ ಎಂಜಿನ್ನಿನಲ್ಲಿ ಎಣ್ಣೆ ಕೆಳಗಿಳಿದಿರುತ್ತದೆ. ಸವೆದ ಭಾಗ ಯಾವುದೇ ಇರಲಿ, ಮೊದಲ ಸ್ಟಾರ್ಟಿನಲ್ಲಿ ಒಂದೆರಡು ಕ್ಷಣ ಸದ್ದು ಮಾಡಿಯೇ ಮಾಡುತ್ತದೆ. ಒಮ್ಮೆ ಬಿಸಿಯಾಯಿತೆಂದರೆ ಎಣ್ಣೆ ಎಲ್ಲವನ್ನೂ ಮುಚ್ಚಿಹಾಕುತ್ತದೆ. ಇದನ್ನು ಅವಳಿಗೆ ಕಲಿಸಿದವನು ಅಪ್ಪನೇ. ಮಾರುವವರು ಗಾಡಿಯನ್ನು ಮೊದಲೇ ಬಿಸಿಮಾಡಿ ಇಟ್ಟಿದ್ದರೆ ಹುಳುಕೇನೋ ಇದೆ ಎಂದು ಸಲೀಸಾಗಿ ಅಂದುಬಿಡಬಹುದು. ದೇವರ ಹೆಸರಿನಲ್ಲಿ ಬಿಸಿಯಾದ ಗಾಡಿಗೆ ಏನನ್ನುವುದು?

ಮಗಳಿಗೆ ಸಿಟ್ಟು ಬಂದಿದ್ದರೆ, ನಾರಪ್ಪನ ಎದೆ ಮಾತ್ರ ಹಗುರಾಯಿತು. ಅದರ ಕಾರಣ ಅವನೊಬ್ಬನಿಗೇ ಗೊತ್ತಿತ್ತು. ಅವನಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ.

ಒಂದು ಕಾಲಕ್ಕೆ ಹಿಂದೂಪುರದ ಹುಣಸೆ ಮಂಡಿಗೆ ಬರುವ ಲಾರಿಯವರಲ್ಲಿ ನಾರಪ್ಪನ ಕಿವಿಯ ಮಾತೇ ಮಾತು. ಟೀ ಅಂಗಡಿಯಲ್ಲಿ ರಸ್ತೆಗೆ ಬೆನ್ನು ಹಾಕಿ ಕೂತವನು, ತಿರುಗಿಯೂ ನೋಡದೆ, ಈಗ ಹೋದದ್ದು ಯಾರ ಲಾರಿ, ಅದರ ಯಾವ ಬೇರಿಂಗು ಹೋಗುವುದರಲ್ಲಿದೆ ಎಂದು ಹೇಳುತ್ತಿದ್ದ. ಗೋರಂಟ್ಲದಿಂದ, ಪೆನುಕೊಂಡದಿಂದ ಜನ ಗಾಡಿ ಕೊಳ್ಳುವ ಮೊದಲು ಅವನನ್ನು ಕರೆದೊಯ್ಯುತ್ತಿದ್ದರು. ಎರಡು ವರ್ಷದಿಂದ ಈಚೆಗೆ ಎಂಜಿನ್ನುಗಳೆಲ್ಲ ಕಂಬಳಿ ಹೊದ್ದು ಮಾತಾಡಿದ ಹಾಗೆ ಕೇಳಿಸತೊಡಗಿದ್ದವು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಉಳಿಯುವುದೇನು? ಹೊಗೆ ನೋಡುತ್ತಿದ್ದ, ಕೈಯಿಟ್ಟು ನಡುಕ ನೋಡುತ್ತಿದ್ದ, "ನಿಂಗೇನನ್ನಿಸ್ತದಪ್ಪ?" ಎಂದು ಕೊಳ್ಳುವವನನ್ನೇ ಕೇಳುತ್ತಿದ್ದ. ಅವನ ಅನುಮಾನವನ್ನೇ ಸ್ವಲ್ಪ ದಪ್ಪ ದನಿಯಲ್ಲಿ ಅವನಿಗೆ ವಾಪಸು ಹೇಳಿದರೆ ಸಾಕು, ಕೇಳಿದವನು ತಲೆದೂಗಿ ಹೋಗುತ್ತಿದ್ದ. ಉಪಾಯ ಈವರೆಗೆ ಚೆನ್ನಾಗಿಯೇ ನಡೆದಿತ್ತು. ಆದರೆ ಈ ಸಲ ಗಾಡಿ ಕೊಳ್ಳುವವಳು ಮಗಳು.

ಕಲ್ಯಾಣಿ ಇಷ್ಟು ದಿನ ಬೇರೆಯವರ ಕಾರು ಓಡಿಸಿದವಳು. ಮದುವೆ ದಿಬ್ಬಣ, ಬೆಂಗಳೂರಿನ ಏರ್‌ಪೋರ್ಟು ಎಂದು ತಿರುಗಿ ತಿರುಗಿ, ಬೆಂಗಳೂರು ದಾರಿಯ ಕೊಡಿಕೊಂಡ ಊರಿನ ಚೆಕ್‌ಪೋಸ್ಟಿನ ಡಾಬಾದವರಿಗೆಲ್ಲ ಅವಳ ಮುಖಪರಿಚಯವಾಗಿತ್ತು. ಮದುಮಕ್ಕಳನ್ನು ಕೂರಿಸಿಕೊಂಡು ಹೋಗುವಂಥ ಪರದೇಶದ ದೊಡ್ಡ ಗಾಡಿ ತನ್ನ ಹೆಸರಿನಲ್ಲೇ ಒಂದಿರಬೇಕು ಎಂಬುದು ಅವಳ ಹಟ. ಅದು ನಡುದಾರಿಯಲ್ಲಿ ಕೈಕೊಟ್ಟರೆ ಏನಾಗುತ್ತದೆಂದೂ ಅವಳಿಗೆ ಗೊತ್ತು. ಗಂಡಸಿನ ಗಾಡಿ ಕೆಟ್ಟರೆ ಗಾಡಿ ಕೆಟ್ಟಿತು ಎನ್ನುತ್ತಾರೆ; ಅವಳ ಗಾಡಿ ಕೆಟ್ಟರೆ ಅವಳಿಗೇ ಓಡಿಸಲು ಬರುವುದಿಲ್ಲ ಎನ್ನುತ್ತಾರೆ. ಆಮೇಲೆ ಹಿಂದೂಪುರದಲ್ಲಿ ಯಾವ ಮದುವೆ ಮನೆಯವರೂ ಅವಳನ್ನು ಕರೆಯುವುದಿಲ್ಲ.

ಅವಳು ನೋಡುವುದನ್ನೆಲ್ಲ ಚೊಕ್ಕಟವಾಗಿ ನೋಡಿದಳು. ಬಾಗಿಲ ರಬ್ಬರು ಎತ್ತಿ ಅಡಿಯ ಬೆಸುಗೆ ನೋಡಿದಳು. ಗೋಣಿ ಹಾಸಿಕೊಂಡು ಗಾಡಿಯ ಕೆಳಗೆ ತೂರಿ ಟಾರ್ಚು ಹಾಕಿದಳು. ಎಣ್ಣೆಯ ಮುಚ್ಚಳ ತೆಗೆದು ಒಳಗೆ ಬಿಳಿ ನೊರೆ ಕಟ್ಟಿದೆಯೇ ಎಂದು ಬೆರಳಾಡಿಸಿದಳು. ಸ್ಟೇರಿಂಗಿನ ಕೆಳಗೆ ಸ್ಕ್ಯಾನರು ಚುಚ್ಚಿ ಫೋನಿನಲ್ಲಿ ಬಂದದ್ದನ್ನು ಓದಿದಳು, ತಪ್ಪೇನೂ ತೋರಿಸಲಿಲ್ಲ. ಕೊನೆಗೆ ಬೆಚ್ಚಗಿನ ಎಂಜಿನ್ನನ್ನೇ ಸ್ಟಾರ್ಟ್ ಮಾಡಿ, ಇಳಿದು ಬಂದು, ಎಲ್ಲರಂತೆ ಅಪ್ಪನ ಮುಖ ನೋಡುತ್ತ ನಿಂತಳು.

ನಾರಪ್ಪ ತಲೆ ಓರೆ ಮಾಡಿ ಕಣ್ಣು ಮುಚ್ಚಿದ. ದೂರದಲ್ಲೆಲ್ಲೋ ಗಿರಣಿ ತಿರುಗಿದಂಥ ಗುಂಯ್ ಎಂಬುದಷ್ಟೇ ಅವನಿಗೆ ತಿಳಿದದ್ದು. ಕೈಗೆ ನಡುಕ ಹದವಾಗಿತ್ತು, ಹೊಗೆ ತಿಳಿಯಾಗಿತ್ತು.

"ಪರವಾಲೇದು," ಎಂದ. "ಚೆನ್ನಾಗೈತೆ."

ಮರುಳಸಿದ್ದಪ್ಪ ನಿರಾಳವಾಗಿ ನಕ್ಕರು. ವೀರಭದ್ರಮ್ಮ ಒಳಗೆ ಹೋಗಿ ಹಿತ್ತಾಳೆ ತಟ್ಟೆಯಲ್ಲಿ ಎಲೆ, ಅಡಿಕೆ, ಬಾಳೆಹಣ್ಣು ಇಟ್ಟುಕೊಂಡು ಬಂದರು. ಅವರ ಮನೆಯಲ್ಲಿ ದನವಾಗಲಿ ಹೊಲವಾಗಲಿ, ಈ ತಾಂಬೂಲ ಕೈಗೆ ಬಂದಿತೆಂದರೆ ವ್ಯವಹಾರ ಮುಗಿಯಿತು. ಆಮೇಲೆ ಕೊಟ್ಟವರೂ ಹಿಂದೆ ಸರಿಯುವುದಿಲ್ಲ, ತೆಗೆದುಕೊಂಡವರೂ ತಕರಾರೆತ್ತುವುದಿಲ್ಲ.

"ಎಲ್ಲಾ ಸರಿಯಾಗಿ ನೋಡ್ಕೊಂಡ್ಯೇನಮ್ಮ?" ಎಂದು ವೀರಭದ್ರಮ್ಮ ಕೇಳಿದರು.

"ನಮ್ಮ ನಾಯ್ನ ಚೆನ್ನಾಗೈತೆ ಅಂದ್ಮೇಲೆ ಇನ್ನೇನೈತಮ್ಮ," ಎನ್ನುತ್ತ ಕಲ್ಯಾಣಿ ಅಪ್ಪನತ್ತ ಒಮ್ಮೆ ನೋಡಿ, ಸೆರಗಿಲ್ಲದ್ದಕ್ಕೆ ಚೂಡಿದಾರಿನ ವೇಲನ್ನೇ ಸರಿಮಾಡಿಕೊಂಡು ಎರಡೂ ಕೈ ಚಾಚಿದಳು. ಬೆಳಗಿನ ಸಿಟ್ಟೆಲ್ಲ ಹೋಗಿ ಅವಳ ಮುಖ ಬೆಳಗುತ್ತಿತ್ತು.

ನಾರಪ್ಪ ಆ ಮುಖ ನೋಡಿದ. ಮುಂದೆ ಬಂದು ಮಗಳ ಕೈಗಳನ್ನು ಮೆಲ್ಲಗೆ ಕೆಳಗಿಳಿಸಿದ.

"ಅಮ್ಮೋರೆ, ತಟ್ಟೆ ಒಳಗಿಕ್ಕಿ. ಗಾಡಿ ತಣ್ಣಗಾಗ್ಲಿ. ಆಮೇಲೆ ಇನ್ನೊಂದ್ಸಲ ನೋಡ್ತೀವಿ."

ಎದುರಿಗೆ ಬಂದ ತಾಂಬೂಲವನ್ನು ಒಳಗಿಡಿ ಎನ್ನುವುದು ಸಣ್ಣ ಮಾತಲ್ಲ. ಮರುಳಸಿದ್ದಪ್ಪನವರ ಮುಖ ಕೆಂಪಾಯಿತು. "ಏನು ನಾರಪ್ಪ, ನಮ್ಮ ಮ್ಯಾಲೆ ಅನುಮಾನವಾ?" ಎಂದರು.

"ನಿಮ್ಮ ಮ್ಯಾಲಲ್ಲ ಸಾವ್ಕಾರ್ರೇ," ಎಂದನೇ ಹೊರತು ಮತ್ತೆ ಯಾರ ಮೇಲೆ ಎಂದು ನಾರಪ್ಪ ಹೇಳಲಿಲ್ಲ.

ಬಾನೆಟ್ ಎತ್ತಿಟ್ಟು ಕಾದರು. ಮುನಿಸಿದ್ದರೂ ವೀರಭದ್ರಮ್ಮ ಮಧ್ಯಾಹ್ನ ಊಟಕ್ಕೆ ಹಾಕಿದರು. ರೊಟ್ಟಿ, ಹೆಸರುಕಾಳಿನ ಪಲ್ಯ, ಕಡಲೆಬೀಜದ ಚಟ್ನಿ. ಮರುಳಸಿದ್ದಪ್ಪ ಎಲ್ಲರಿಗಿಂತ ಮೊದಲೇ ಉಂಡು ಎದ್ದರು. ಕಲ್ಯಾಣಿ ಕೈತೊಳೆಯುವ ನೆಪದಲ್ಲಿ ಅಪ್ಪನ ಹಿಂದೆಯೇ ಹಿತ್ತಲಿಗೆ ಬಂದು, ಅವನ ಎದುರು ನಿಂತು ಪಿಸುದನಿಯಲ್ಲಿ ಬೈದಳು. ದನಿ ಕೇಳಿಸದಿದ್ದರೂ ತುಟಿಯ ಮೇಲೆ ಬೈಗುಳ ಸ್ಪಷ್ಟವಾಗಿತ್ತು. "ಚೆನ್ನಾಗೈತೆ ಅಂದೋನೂ ನೀನೇ, ತಟ್ಟೆ ಒಳಗಿಕ್ಕಿ ಅಂದೋನೂ ನೀನೇ. ಮಾನ ಕಳೀತೀಯಲ್ಲ ನಾಯ್ನಾ."

"ಒಸಿ ತಾಳಮ್ಮ," ಎಂದ ನಾರಪ್ಪ. ಅಷ್ಟೊತ್ತಿಗೆ ಅವನು ಒಂದು ದಾರಿ ಹುಡುಕಿಕೊಂಡಿದ್ದ. ಮಗಳೂ ಮೋಸ ಹೋಗಬಾರದು, ತನ್ನ ಹೆಸರೂ ಉಳಿಯಬೇಕು. ಇಂಥ ಎರಡು ಆಸೆ ಒಟ್ಟಿಗೆ ಇಟ್ಟುಕೊಂಡವನಿಗೆ ಊಟ ರುಚಿಸುವುದಾದರೂ ಹೇಗೆ? ಒಂದು ರೊಟ್ಟಿಯನ್ನು ಕಷ್ಟಪಟ್ಟು ಮುಗಿಸಿದ್ದ.

ಹೊತ್ತು ಇಳಿಯುವ ವೇಳೆಗೆ ಎಂಜಿನ್ ಕೈಗೆ ತಣ್ಣಗೆ ಹತ್ತಿತು. ಇಷ್ಟು ಹೊತ್ತು ನಿಂತರೂ ಗಾಡಿ ಯಾವ ಮಗ್ಗುಲಿಗೂ ವಾಲಿರಲಿಲ್ಲ. ಗಾಳಿ ತುಂಬಿದ ಸಸ್ಪೆನ್ಷನ್ ಎಲ್ಲೂ ಸೋರುತ್ತಿಲ್ಲ ಎಂದು ಕಲ್ಯಾಣಿ ಸಮಾಧಾನ ಮಾಡಿಕೊಂಡಳು. ಅವಳು ಸ್ಟೇರಿಂಗಿನ ಕಡೆ ಹೊರಟಾಗ ನಾರಪ್ಪ ತಡೆದ.

"ನಾನು ಸ್ಟಾರ್ಟ್ ಮಾಡ್ತೀನಿ. ನೀನು ಬಾನೆಟ್ ತಾವ ನಿಂತ್ಕೊಂಡು ಕೇಳು. ಎಷ್ಟು ದಿನಾಂತ ನಾನೇ ಕೇಳ್ತೀನಿ, ನೀನೂ ಕಲೀಬೇಕಲ್ಲ."

ಅವನು ಒಳಗೆ ಕೂತು ಬಟನ್ ಒತ್ತಿದ. ಪಾದದಡಿ ಗಾಡಿ ಮೈಕೊಡವಿ ಎದ್ದದ್ದು ತಿಳಿಯಿತು. ಎಂಜಿನ್ ಕಡೆ ಬಗ್ಗಿ ನಿಂತ ಮಗಳ ಹುಬ್ಬು ಗಂಟಿಕ್ಕಿದ್ದನ್ನು, ಆಮೇಲೆ ಸಡಿಲವಾದದ್ದನ್ನು ಎತ್ತಿದ ಬಾನೆಟ್ಟಿನ ಕೆಳಗಿನ ಸಂದಿಯಿಂದ ಅವನು ಬಿಡದೆ ನೋಡುತ್ತಿದ್ದ. ಆಫ್ ಮಾಡಿದ. ಅವಳು ಕಿಟಕಿಯ ಬಳಿ ಬಂದಾಗ ಅವಳ ತುಟಿಯ ಮೇಲೆಯೇ ಕಣ್ಣಿಟ್ಟ.

"ಏನೋ ಸದ್ದು ಬಂತು ನಾಯ್ನಾ. ಬಾಂಡ್ಲೀಲಿ ಕಡ್ಲೆಬೀಜ ಹುರಿದಂಗೆ ಲೊಟಲೊಟ ಅಂತ. ಎರಡು ಉಸಿರು ಅಷ್ಟೆ, ಆಮೇಲೆ ನಿಂತೋಯ್ತು."

"ಮುಂದ್ಗಡೇನಾ, ಹಿಂದ್ಗಡೇನಾ?"

"ಹಿಂದೆ. ಗೇರ್‌ಬಾಕ್ಸ್ ಕಡೆ."

ಮರುಳಸಿದ್ದಪ್ಪ ಕೈ ಆಡಿಸುತ್ತ ಹತ್ತಿರ ಬಂದರು. "ಅಯ್ಯೋ, ಡೀಸೆಲ್ ಗಾಡಿ ಅಂದ್ಮೇಲೆ ಅಷ್ಟು ಸದ್ದು ಇರಲ್ವೇನಮ್ಮ? ನಿಂಗೆ ಹೊಸದು. ಸ್ಕ್ಯಾನರ್‌ನಾಗೂ ಏನೂ ಬರ್ಲಿಲ್ಲ. ನಾರಪ್ಪ, ನೀನು ಹೇಳಪ್ಪ. ನಿನ್ನ ಕಿವೀಗಿಂತ ಯಾವ್ದು ದೊಡ್ಡದು?"

ಕಲ್ಯಾಣಿ ಅಳುಕಿದಳು. "ಹ್ಞೂಂ ನಾಯ್ನಾ, ನೀನೇ ಹೇಳು. ನಂಗೇ ತಪ್ಪಾಗಿ ಕೇಳಿಸ್ತೇನೋ."

ನಾರಪ್ಪ ಹುಡುಕಿಟ್ಟುಕೊಂಡ ದಾರಿ ಅಲ್ಲಿಗೆ ಮುಗಿಯಿತು. ಅವನು ತನಗೂ ಕೇಳಿಸಿತೆಂದು ಗೋಣು ಹಾಕಿದ್ದರೆ ನಂಬುವವರೇ ಎಲ್ಲರೂ. ಆದರೆ ಮಗಳು ತನಗೆ ಕೇಳಿಸಿದ್ದನ್ನೇ ನಂಬದೆ, ಕೇಳಿಸದವನ ಬಾಯಿ ನೋಡುತ್ತ ನಿಂತದ್ದು ಅವನಿಂದ ನೋಡಲಾಗಲಿಲ್ಲ. ಗಾಡಿಯಿಂದ ಇಳಿದ.

"ಅವಳಿಗೆ ಕೇಳಿಸಿದ್ದೇ ಸರಿ ಸಾವ್ಕಾರ್ರೇ. ನಂಗೆ ಕೇಳಿಸಿಲ್ಲ. ಬೆಳಿಗ್ಗೇನೂ ಕೇಳಿಸಿಲ್ಲ. ಚೆನ್ನಾಗೈತೆ ಅಂದಿದ್ದು ಸುಮ್ಕೆ ಅಂದಿದ್ದು. ನನ್ನ ಕಿವಿ ಹೋಗಿ ಎರಡು ವರ್ಷ ಆಯ್ತು."

ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು. ಆದರೂ ನಿಲ್ಲಿಸಲಿಲ್ಲ. "ಅವಳು ಹೇಳೋ ಸದ್ದು ಎಂಜಿನ್ ಒಳಗಿನ ಟೈಮಿಂಗ್ ಚೈನಿಂದು. ಚೈನು ಬಿಗಿ ಹಿಡಿಯೋದು ಸೋತೈತೆ. ಇವತ್ತೇನೂ ಆಗಲ್ಲ. ಹೈವೇನಾಗೆ ಜಾರ್ತು ಅಂದ್ರೆ ಎಂಜಿನ್ ಪೂರ್ತಿ ಹೋಯ್ತದೆ. ಎಂಜಿನ್ ಕೆಳಗಿಳಿಸಿ ಹೊಸ ಚೈನು ಹಾಕಿಸ್ದೆ ಯಾರಿಗೂ ಕೊಡ್ಬೇಡಿ."

ಮರುಳಸಿದ್ದಪ್ಪ ಬೇವಿನ ಕಟ್ಟೆಯ ಮೇಲೆ ಕೂತುಬಿಟ್ಟರು. ಮೊದಲು ಬಾಯಿಬಿಟ್ಟವರು ವೀರಭದ್ರಮ್ಮ.

"ಆ ಲೊಟಲೊಟ ನಂಗೂ ದಿನಾ ಬೆಳಿಗ್ಗೆ ಕೇಳ್ತಿತ್ತು ಕಣಮ್ಮ. ಗಾಡಿ ಏಳೋವಾಗ ಅಂಗೇ ಅಂತದೆ ಅನ್ಕೊಂಡಿದ್ದೆ. ಗೊತ್ತಿದ್ದಿದ್ರೆ ಹೇಳ್ತಿರ್ಲಿಲ್ವಾ?"

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಕಲ್ಯಾಣಿಗೆ ಅವರ ಮೇಲಿದ್ದ ಕಹಿಯೂ ಇಳಿಯಿತು. ಚೈನು ಹಾಕಿಸಿದ ಮೇಲೆ ಫೋನ್ ಮಾಡುತ್ತೇನೆ, ನಿನಗೆ ತೋರಿಸದೆ ಬೇರೆಯವರಿಗೆ ತೋರಿಸುವುದಿಲ್ಲ ಎಂದು ಮರುಳಸಿದ್ದಪ್ಪ ಎದ್ದು ನಿಂತು ಹೇಳಿದರು. "ಬತ್ತೀನಿ ಸಾವ್ಕಾರ್ರೇ," ಎಂದಳು ಕಲ್ಯಾಣಿ. "ಆವತ್ತು ಮಾತ್ರ ನಾನು ನೋಡಿದ್ಮೇಲೆ ಗುಡಿಗೆ ಹೋಗಾನಾ. ನಾನೇ ಅಮ್ಮೋರ್ನ ಕರ್ಕೊಂಡು ಹೋಯ್ತೀನಿ." ವೀರಭದ್ರಮ್ಮ ನಕ್ಕು, ತಾಂಬೂಲವಿಲ್ಲದೆ ಬರೀ ಬಾಳೆಹಣ್ಣು ಅವಳ ಕೈಗಿತ್ತರು.

ವಾಪಸು ಹೊರಟಾಗ ಕಲ್ಯಾಣಿಯೇ ಅವರ ಹಳೇ ಸಣ್ಣ ಕಾರನ್ನು ಓಡಿಸುತ್ತಿದ್ದಳು. ಕಾರು ಕಂಬದೂರು ದಾಟಿತು. ಆಮೇಲೆ ಅವಳು ಏನೋ ಹೇಳಿದಳು. ನಾರಪ್ಪ ಅಭ್ಯಾಸದಂತೆ "ಹ್ಞೂಂ" ಎಂದ. ಅವಳು ರಸ್ತೆ ಬದಿಗೆ ಕಾರು ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಪೂರ್ತಿ ಅವನ ಕಡೆ ತಿರುಗಿದಳು.

"ಈಗ ನಾನೇನಂದೆ, ಹೇಳು."

ನಾರಪ್ಪ ಅವಳ ತುಟಿ ನೋಡುತ್ತ ಕೂತ.

"ಯಾವ ಕಿವಿ ನಾಯ್ನಾ?"

"ಬಲಗಿವಿ ಪೂರ್ತಿ ಹೋಗೈತೆ. ಎಡಗಿವೀಲಿ ಒಸಿ ಕೇಳ್ತದೆ," ಎಂದ.

ಅವಳು ಬಲಗಡೆ ಕೂತು ಗಾಡಿ ಓಡಿಸುವವಳು. ಅವನು ಎಡಗಡೆ ಕೂರುವವನು. ಎರಡು ವರ್ಷ ಅವಳು ದಾರಿಯುದ್ದಕ್ಕೂ ಆಡಿದ ಮಾತೆಲ್ಲ ಹೋದ ಕಿವಿಗೇ ಬಿದ್ದಿತ್ತು. ಮನೆಯಲ್ಲಿ ನೋಡಿದ್ದ ಪೋತಪ್ಪನ ಮಗನ ಸಂಬಂಧ ಬೇಡ, ತನ್ನ ಗಾಡಿ ಮಾಡಿಕೊಂಡ ಮೇಲೆಯೇ ಮದುವೆ ಎಂದು ಅವಳು ಧೈರ್ಯ ಮಾಡಿ ಹೇಳಿದ್ದು ಇದೇ ಕಾರಿನಲ್ಲಿ. ಅಪ್ಪ ಹ್ಞೂಂ ಅಂದಿದ್ದ. ಒಪ್ಪಿದ ಎಂದುಕೊಂಡು ಅವಳು ಆ ರಾತ್ರಿ ಖುಷಿಗೆ ಅತ್ತಿದ್ದಳು.

ಕಲ್ಯಾಣಿ ಬಾಗಿಲು ತೆಗೆದು ಇಳಿದು, ಸುತ್ತಿ ಬಂದು ಅಪ್ಪನ ಕಡೆಯ ಬಾಗಿಲು ತೆಗೆದಳು. ಬೀಗದ ಕೈ ಅವನ ಅಂಗೈಲಿಟ್ಟಳು.

"ನೀನು ಓಡ್ಸು."

ಅವನು ಆಚೆ ಹೋಗಿ ಕೂತ. ಅವಳು ಅವನ ಎಡಕ್ಕೆ ಕೂತು ಕಿಟಕಿಯ ಗಾಜು ಏರಿಸಿದಳು. ಕಾರು ಹೊರಟ ಮೇಲೆ, "ಎರಡು ವರ್ಷದಿಂದ ಹೇಳಿದ್ದೆಲ್ಲ ಹೇಳ್ತೀನಿ, ಕೇಳು," ಎಂದು ಮೊದಲಿನಿಂದ ಶುರುಮಾಡಿದಳು. ಹಿಂದೆ ಬಂದ ಬಸ್ಸು ಹಾರ್ನ್ ಹೊಡೆಯಿತು. ನಾರಪ್ಪ ಕನ್ನಡಿ ನೋಡಿ ಕಾರನ್ನು ಅಂಚಿಗೆ ತಂದು ಅದಕ್ಕೆ ದಾರಿ ಬಿಟ್ಟ, ಆಮೇಲೂ ವೇಗ ಹೆಚ್ಚಿಸದೆ ನಿಧಾನವಾಗಿಯೇ ಓಡಿಸಿದ.