ಚುಕ್ಕೆ ಇಟ್ಟ ಗಿಡಗಳು

‘ಇಲ್ಲೇ ಇರ್ರಿ’ ಎಂದು ಯಾರಾದರೂ ಒಬ್ಬರು ಹೇಳಿದರೆ ಸಾಕಿತ್ತು. ಕಮಲಾಪುರದಲ್ಲಿ ಬಸ್ಸಿನಿಂದ ಇಳಿಯುವಾಗಲೂ ಫಾದರ್ ಆನ್ಸೆಲ್ಮ್ ಅದನ್ನೇ ಯೋಚಿಸುತ್ತಿದ್ದರು.

ಅವರ ಪಾದ್ರಿ ಸಂಘದ ಹಿರಿಯರು ನಿನ್ನೆ ಫೋನಿನಲ್ಲಿ ಸ್ಪಷ್ಟವಾಗಿಯೇ ಹೇಳಿದ್ದರು. ವಯಸ್ಸಾಯಿತು, ನೀವು ಹುಟ್ಟಿದ ಸ್ವಿಟ್ಜರ್ಲೆಂಡಿನ ವೃದ್ಧ ಪಾದ್ರಿಗಳ ಮನೆಯಲ್ಲಿ ಜಾಗ ಇದೆ. ಈಗ ನೀವಿರುವ ಕಡೆಯವರು ಯಾರಾದರೂ ನಾವು ನೋಡಿಕೊಳ್ಳುತ್ತೇವೆ ಎಂದರೆ ಮಾತ್ರ ಅಲ್ಲೇ ಉಳಿಯಿರಿ. ನಾಳೆ ಸಂಜೆಯೊಳಗೆ ತಿಳಿಸಿ.

ಇಲ್ಲೇ ಇರಲೇ ಎಂದು ತಾವೇ ಯಾರನ್ನಾದರೂ ಕೇಳಬಹುದಿತ್ತು. ಆದರೆ ಕೇಳಿ ಅನ್ನಿಸಿಕೊಂಡ ಮಾತಿನ ಮೇಲೆ ಎಷ್ಟು ದಿನ ಬದುಕುವುದು?

ಬೆಳಿಗ್ಗೆ ನಗರದಲ್ಲಿ, ತಾವಿರುವ ಐವಾನ್-ಎ-ಶಾಹಿಯ ಓಣಿಯಲ್ಲಿ ನೆರೆಮನೆಯ ನೂರಜಹಾನ್ ಚಹಾ ತಂದುಕೊಟ್ಟು, "ನಿಮ್ಮ ಮುಲ್ಕಿಗಿ, ನಿಮ್ಮ ದೇಶಕ್ಕ ಹೊಂಟೀರಂತಲ್ರಿ? ನಸೀಬ ಮಾಡೀರಿ," ಎಂದಿದ್ದಳು. ಅವಳ ಮುಖದಲ್ಲಿ ನಿಜವಾದ ಸಂತೋಷವಿತ್ತು. ಅದೇ ತೊಂದರೆ.

ಕಮಲಾಪುರದ ಹಳೆಯ ಗೆಳೆಯ ರಾಮಣ್ಣ ತನ್ನ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಗಿಡ ಹುಡುಕುತ್ತ ಇಬ್ಬರೂ ಸುತ್ತಿದ ಗುಡ್ಡಗಳಿಗೆ ಲೆಕ್ಕವಿಲ್ಲ.

"ಬರ್ರಿ ಹುಲ್ಲಿನ ಫಾದರ್ರ. ಕಾಲಾಗ ಹುಲ್ಲುಕಸ ಅದ, ನೋಡಿ ಬರ್ರಿ. ತುಳದು ಆಮ್ಯಾಲ ಅಳಬ್ಯಾಡ್ರಿ."

ಒಳಗಿನಿಂದ ಅವನ ಹೆಂಡತಿ ಬಂಡೆಮ್ಮ ನಕ್ಕಳು. ಫಾದರ್ ಕೂತರು. ಗೋಡೆಗೆ ಒರಗಿದಾಗ ಹಳೆಯ ದಿನಗಳ ಬಿಸಿಲು ಬೆನ್ನಿಗೆ ತಾಗಿದಂತಾಯಿತು. ನೆಹರು ಗಂಜ್‌ನಿಂದ ತಂದ ಹಳೆಯ ಉರ್ದು ಪೇಪರುಗಳ ನಡುವೆ ಗಿಡಗಳನ್ನಿಟ್ಟು ಒಣಗಲು ಒತ್ತುತ್ತಿದ್ದರು. ಮರುದಿನ ಪೇಪರು ಬದಲಿಸಬೇಕು, ಇಲ್ಲವಾದರೆ ಗಿಡಕ್ಕೆ ಬೂಸಲು ಹಿಡಿಯುತ್ತದೆ. ಬಂಡೆಮ್ಮ ಕಟ್ಟಿಕೊಟ್ಟ ಜೋಳದ ರೊಟ್ಟಿಯನ್ನು ಗುಡ್ಡದ ನೆತ್ತಿಯಲ್ಲಿ ಬಿಚ್ಚಿ, ಸೀತಾಫಲದ ಗಿಡದ ನೆರಳಿನಲ್ಲಿ ತಿನ್ನುತ್ತಿದ್ದರು.

ಒಮ್ಮೆ ಆ ನೆರಳಿನಲ್ಲೇ ಜಗಳವಾಗಿತ್ತು. ಇಲ್ಲಿಯ ಗಿಡಗಳ ಬಗ್ಗೆ ಬರೆಯುತ್ತಿದ್ದ ತಮ್ಮ ಪುಸ್ತಕದಲ್ಲಿ ಹೊರನಾಡಿನಿಂದ ಬಂದ ಪ್ರತಿ ಗಿಡದ ಹೆಸರಿನ ಮುಂದೆ ಫಾದರ್ ಒಂದು ಚುಕ್ಕೆ ಇಡುತ್ತಿದ್ದರು. ಸೀತಾಫಲಕ್ಕೂ ಇಟ್ಟಿದ್ದರು. ರಾಮಣ್ಣ ರೊಟ್ಟಿ ಕೆಳಗಿಟ್ಟಿದ್ದ. "ಯಾರರ ತಂದಿರಲಿ, ಯಾವಾಗರ ಬಂದಿರಲಿ, ಈಗ ನಮ್ದ ಅದ. ಅಳಿಸ್ರಿ ಅದನ್ನ." ಸಸ್ಯಶಾಸ್ತ್ರದಲ್ಲಿ ಹಾಗೆಲ್ಲ ಅಳಿಸಲು ಬರುವುದಿಲ್ಲ ಎಂದು ಫಾದರ್ ಹೇಳಿದ್ದರು. ಎಷ್ಟು ಖಚಿತವಾಗಿ ಹೇಳಿದ್ದರು!

"ಖರೇನ ಹೊಂಟೀರಿ?" ಎಂದ ರಾಮಣ್ಣ.

"ಹಂಗಂತಾರ."

"ಚಲೋ ಆತು ಬಿಡ್ರಿ. ಇಷ್ಟು ವರ್ಷದಾಗ ನಮ್ಮೂರಾಗ ಒಬ್ಬರನ್ನರ ಕ್ರಿಸ್ತಾನ ಮಾಡಿದ್ರೇನು? ಹುಲ್ಲಿಗೇ ಹೆಸರಿಟ್ಕೋತ ಕುಂತ್ರಿ."

ಫಾದರ್ ನಗಲು ಪ್ರಯತ್ನಿಸಿದರು. "ಅಲ್ಲಿ ನನ್ನ ಗುರ್ತಿನವರು ಯಾರೂ ಉಳದಿಲ್ಲೋ ರಾಮಣ್ಣ."

"ನೆಲ ಗುರ್ತು ಹಿಡೀತದ ಬಿಡ್ರಿ."

ಬಂಡೆಮ್ಮ ನೀರಿನ ತಂಬಿಗೆ ತಂದು ಬಾಗಿಲಲ್ಲಿ ನಿಂತಳು. "ಮನೀ ಹಿಂದಿನ ಖೋಲಿ ಖಾಲಿನೇ ಅದ," ಎಂದಳು, ಯಾರಿಗೂ ಅಲ್ಲ ಎಂಬಂತೆ.

ಫಾದರ್ ತಲೆಯೆತ್ತಿದರು. ಇರ್ರಿ ಎಂಬ ಆ ಮಾತು ಬಂದೇಬಿಟ್ಟಿತೆಂದು ಅವಳತ್ತ ನೋಡಿದರು.

"ಅಲ್ರಿ, ಈ ವಯಸ್ಸಿನಾಗ ಅಷ್ಟು ದೂರ—" ಎಂದು ಅವಳು ಶುರುಮಾಡಿದಳು.

"ಏ, ಸುಮ್ನಿರು," ರಾಮಣ್ಣ ಗದರಿದ. "ಹೊಂಟವರಿಗಿ ಅಡ್ಡ ಮಾತಾಡಬಾರದು. ಅದೂ ಹುಟ್ಟಿದ ಮಣ್ಣಿಗಿ ಹೊಂಟಾರ."

ಬಂಡೆಮ್ಮ ಸೆರಗಿನಿಂದ ತಂಬಿಗೆಯ ಹೊರಮೈ ಒರೆಸಿ ಕೆಳಗಿಟ್ಟಳು.

ಈಗ ಒಂದು ಮಾತು ಸಾಕಿತ್ತು: ನಾನು ಹೊರಟಿಲ್ಲ. ಅದನ್ನು ಹೇಳಲು ಫಾದರ್ ಬಾಯಿ ತೆರೆದರು. ಆದರೆ ರಾಮಣ್ಣ ಮುಖ ಆಚೆ ತಿರುಗಿಸಿದ್ದ. ಅದು ದುಃಖವೋ ಬಿಡುಗಡೆಯೋ ತಿಳಿಯಲಿಲ್ಲ. ಎಂತಹ ಒಣಗಿದ ಎಲೆಯ ಜಾತಿಯನ್ನೂ ಹೇಳಬಲ್ಲ ತಮಗೆ ಈ ಮುಖ ಓದಲು ಬರುವುದಿಲ್ಲವೆಂದು ಫಾದರಿಗೆ ಹೊಳೆಯಿತು. ತಂಬಿಗೆ ಎತ್ತಿ ನೀರು ಕುಡಿದರು.

"ಕುಂದರ್ರಿ, ಬಂದೆ," ಎಂದು ರಾಮಣ್ಣ ಗುದ್ದಲಿ ಹಿಡಿದು ಹಿತ್ತಲಿಗೆ ಹೋದ. ಮರಳಿ ಬಂದಾಗ ಕೈಯಲ್ಲಿ ಕೆಂಪು ಬಾಳೆಯ ಕಂದು ಇತ್ತು, ಬುಡದ ಮಣ್ಣಿನ ಸುತ್ತ ಒದ್ದೆ ಗೋಣಿತಟ್ಟು. "ನಿಮ್ಮೂರಾಗ ಹಚ್ರಿ. ನಮ್ಮ ನೆನಪಿಗಿ ಇರಲಿ."

ಅಲ್ಲಿ ಹಿಮ ಬೀಳುತ್ತದೆ. ವಿಮಾನದಲ್ಲಿ ಮಣ್ಣಿಗೆ ಅಪ್ಪಣೆಯಿಲ್ಲ. ಫಾದರ್ ಎರಡೂ ಕೈ ಚಾಚಿ ಇಸಿದುಕೊಂಡರು.

ಮರಳಿ ಹೋಗುವ ಬಸ್ಸಿನಲ್ಲಿ ಪಕ್ಕದ ಹೆಂಗಸು ಸರಿದು ಜಾಗ ಮಾಡಿಕೊಟ್ಟಳು. "ಬಾಳಿ ಎಲ್ಲಿ ಹಚ್ತೀರಿ, ಯಪ್ಪಾ?"

"ನೋಡಬೇಕು."

ಮಹಾಗಾಂವ ದಾಟಿತು. ಹೊಲಗಳ ಮೇಲಿನ ಬೆಳಕು ಇಳಿಯುತ್ತಿತ್ತು. ಸಂಜೆಯೊಳಗೆ ಹಿರಿಯರಿಗೆ ಮಾಡಬೇಕಾದ ಫೋನು ಇನ್ನೂ ಬಾಕಿಯಿತ್ತು. ತೊಡೆಯ ಮೇಲಿದ್ದ ಗೋಣಿತಟ್ಟು ಸಡಿಲಾಗಿ, ಬುಡದ ಮಣ್ಣಿನಿಂದ ಇರುವೆಗಳು ಒಂದೊಂದಾಗಿ ಹೊರಬಂದವು. ಕೆಲವು ಬಿಳಿಯ ನಿಲುವಂಗಿಯ ಮೇಲೆ ಇಳಿದು ಅಂಚಿನವರೆಗೆ ಹೋದವು. ಅಲ್ಲಿ ಕೆಳಗೆ ಏನೂ ಇಲ್ಲದೆ, ಮೀಸೆಯನ್ನು ಗಾಳಿಯಲ್ಲಿ ಆಡಿಸಿ ನಿಂತವು. ಮತ್ತೆ ಮೇಲೆ ಬಂದವು. ಬಾಯಲ್ಲಿ ಬಿಳಿಯ ತತ್ತಿ ಕಚ್ಚಿಕೊಂಡಿದ್ದ ಒಂದು ಮಾತ್ರ ಅದನ್ನು ಎಲ್ಲಿ ಇಳಿಸುವುದೆಂದು ತಿಳಿಯದೆ ಅದೇ ಬಟ್ಟೆಯ ಮೇಲೆ ಸುತ್ತುತ್ತಲೇ ಇತ್ತು.