ಎರಡು ಪಟ್ಟಿ ಕಡಿಮೆ

ಆ ಅಂಬಾಸಿಡರ್ ಕಾರು ಯಾವ ಕಾರ್ಖಾನೆಯಲ್ಲೇ ಹುಟ್ಟಿರಲಿ, ಬಾಳಿದ್ದು ಮಾತ್ರ ಇಳಕಲ್ ಸೀರೆ ಹೊತ್ತು. ಸೀರೆ ವ್ಯಾಪಾರಿ ಅಮರಪ್ಪ ಅದರಲ್ಲಿ ಗಂಟು ಹೇರಿಕೊಂಡು ಹುನಗುಂದ, ಬಾದಾಮಿಯ ಅಂಗಡಿಗಳನ್ನೆಲ್ಲ ತಿರುಗಿದ್ದ. ಅಮಾವಾಸ್ಯೆಗೊಮ್ಮೆ ಗಂಟಿಳಿಸಿ ಹೆಂಡತಿ ಸಾವಿತ್ರೆವ್ವನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಮಹಾಕೂಟದ ಗುಡಿಗೆ ಹೊರಡುತ್ತಿದ್ದ. ಎರಡು ಸಾವಿರದ ಒಂದರಲ್ಲಿ ಮನೆಗೆ ಹೊಸ ವ್ಯಾನು ಬಂತು ನೋಡಿ, ಕಾರು ಮುದಿಯಾಯಿತು, ಅಮರಪ್ಪ ಅದನ್ನು ಮಾರಲು ಹೊರಟ. ಸಾವಿತ್ರೆವ್ವ ತೀರಿಕೊಂಡು ಆಗಲೇ ವರ್ಷವಾಗಿತ್ತು. ಅವ್ವ ಕೂತ ಸೀಟು ಇನ್ಯಾರದೋ ಪಾಲಾಗಬಾರದೆಂದು ಮಗ ಸಂಗಮೇಶ ಹಟ ಹಿಡಿದ.

ಅದೇ ಹೊತ್ತಿಗೆ ಬಾಗಲಕೋಟೆಯ ನವನಗರದ ಖಾಲಿ ಬಯಲಿನಲ್ಲಿ ಸುಣ್ಣದ ಗೆರೆ ಎಳೆದು ಕಾರು ರೇಸು ಇಟ್ಟರು. ಒಬ್ಬೊಬ್ಬರಾಗಿ ನಾಲ್ಕು ಸುತ್ತು ಹೊಡೆಯಬೇಕು.

"ಮೊದಲ ಐದರಾಗ ಬಂದ್ರ ಕಾರ್ ಇಟ್ಕೋ. ಇಲ್ಲಾಂದ್ರ ಸೋಮವಾರ ಕೊಟ್ಟಬಿಡ್ತೇನಿ," ಎಂದ ಅಮರಪ್ಪ.

ರೇಸಿನ ಕಾರು ಬಿಗಿಯಾಗಿರಬೇಕೆಂದು ಸಂಗಮೇಶನ ತಲೆಗೆ ಯಾರು ತುಂಬಿದರೋ ಶಿವನೇ ಬಲ್ಲ. ಹಿಂದಿನ ಗಾಲಿಗಳ ಮೇಲೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು ಇರುತ್ತದಲ್ಲ, ಪಾಟಾ ಅಂತಾರೆ, ಎರಡೂ ಕಡೆ ಅದಕ್ಕೆ ಇನ್ನೊಂದು ಪಟ್ಟಿ ಏರಿಸಿದ. ರೇಸಿನ ಹಿಂದಿನ ದಿನ ಓಡಿಸಿ ನೋಡಿದರೆ ತಿರುವಿನಲ್ಲಿ ಕಾರು ಕುಪ್ಪಳಿಸಿ ಜಾಲಿಕಂಟಿಗೆ ಮೂತಿ ಇಟ್ಟಿತು. ಸೀರೆ ಹೇರಿದಾಗ ಸುಮ್ಮನಿರುತ್ತಿತ್ತಲ್ಲ ಎಂದು ನೆನಪಾಗಿ, ಈ ಪುಣ್ಯಾತ್ಮ ವ್ಯಾನಿನಿಂದ ನಾಲ್ಕು ಗಂಟು ತಂದು ಡಿಕ್ಕಿಗೆ ತುರುಕಿದ! ಕುಣಿಯುವುದು ನಿಂತಿತು, ಓಡುವುದೂ ನಿಂತಿತು.

ಪಾಟಾ ಮಿಸ್ತ್ರಿ ಜಲಾಲುದ್ದೀನ ಅಣೆಕಟ್ಟಿನ ಹಿನ್ನೀರಿಗೆ ಹಳೇ ಬಾಗಲಕೋಟೆ ಬಿಟ್ಟುಕೊಟ್ಟು ಬಂದು, ಆ ಬಯಲಿನ ಪಕ್ಕದಲ್ಲೇ ಭಟ್ಟಿ ಹೂಡಿದ್ದ. ಸಂಗಮೇಶ ಕಾರು ತಂದು ನಿಲ್ಲಿಸಿದಾಗ ಡಿಕ್ಕಿ ನೋಡಿ ಹೊಟ್ಟೆ ಹಿಡಿದು ನಕ್ಕ.

"ಲೇ ತಮ್ಮಾ, ರೇಸಿಗೆ ಬಂದೀಯೋ, ಸೀರಿ ಮಾರಾಕ ಬಂದೀಯೋ?" ಆಮೇಲೆ ಎಲ್ಲ ಗಿರಾಕಿಗಳಿಗೂ ಕೇಳುವ ಅದೇ ಪ್ರಶ್ನೆ: "ಹಿಂದ ಯಾರ್ ಕುಂದರ್ತಾರ?" ಎಷ್ಟು ಪಟ್ಟಿ ಇರಬೇಕೆಂದು ಅದಕ್ಕೆ ಸಿಕ್ಕ ಉತ್ತರದ ಮೇಲೇ ಅವನು ಎಣಿಸುತ್ತಿದ್ದ.

"ಯಾರೂ ಇಲ್ಲ, ಚಾಚಾ." ಸಂಗಮೇಶ ಖಾಲಿ ಸೀಟಿನ ಕಡೆ ನೋಡಿದ.

ಮಿಸ್ತ್ರಿ ನಗು ನಿಲ್ಲಿಸಿ ಕಾರಿನಡಿ ತೂರಿದ. ಎರಡೂ ಕಡೆ ಹೊಸ ಪಟ್ಟಿ ಕಿತ್ತ, ಜೊತೆಗೆ ಹಳೆಯ ಎರಡೆರಡು ದಪ್ಪ ಪಟ್ಟಿಗಳನ್ನೂ ಇಳಿಸಿದ.

"ಭಾಳ ಮೆತ್ತಗಾತಲ್ಲ ಚಾಚಾ!"

"ಮೆತ್ತಗಿದ್ರನ ಗಾಲಿ ನೆಲಾ ಹಿಡಿತಾವ. ನನಗಿದು ಹೊಸಾದಲ್ಲ. ನೀ ಹೊಟ್ಟ್ಯಾಗಿದ್ದಾಗ ನಿಮ್ಮಪ್ಪ ಬಂದು, 'ದವಾಖಾನಿ ದಾರ್ಯಾಗ ತಗ್ಗು ಅದಾವ, ಆಕಿಗೆ ಪೆಟ್ಟ ಬಡೀಬಾರ್ದು' ಅಂತ ಇವನ್ನ ತಗಸಿದ್ದ. ನೀ ಹುಟ್ಟೂತನಾ ಒಂದ್ ಗಂಟು ಹೇರಲಿಲ್ಲ ಆ ಮನಷ್ಯಾ."

ಮಾತಾಡಿದರೆ ಸೀರೆಯ ಅಂಚು, ಸೆರಗಿನ ಬಗ್ಗೆಯಷ್ಟೇ ಮಾತಾಡುವ ಅಪ್ಪ! ಸಂಗಮೇಶ ಡಿಕ್ಕಿಯಿಂದ ಗಂಟುಗಳನ್ನು ಒಂದೊಂದಾಗಿ ಇಳಿಸಿದ.

ಮರುದಿನ ರೇಸಿನಲ್ಲಿ ಕಾರು ಕುಣಿಯದೆ, ಹೊರಳದೆ, ನೆಲ ತಬ್ಬಿಕೊಂಡು ಓಡಿತು. ಆದರೂ ಬಂದದ್ದು ಆರನೆಯದಾಗಿ. ಸಂಗಮೇಶ ಸ್ಟೇರಿಂಗಿಗೆ ಹಣೆ ಹಚ್ಚಿ ಕೂತುಬಿಟ್ಟ.

ಅಮರಪ್ಪ ಬಂದ. ಬೈಯಲಿಲ್ಲ. ಹಿಂದಿನ ಗಾಲಿಯ ಮೇಲಿನ ಸಂದಿನಲ್ಲಿ ನಾಲ್ಕು ಬೆರಳು ಇಟ್ಟು ಕಾರು ಎಷ್ಟು ತಗ್ಗಿದೆಯೆಂದು ಅಳೆದ, ದೂರದಲ್ಲಿದ್ದ ಜಲಾಲುದ್ದೀನನ ಕಡೆ ನೋಡಿದ. ಹಿಂದಿನ ಬಾಗಿಲು ತೆರೆದು ಹೆಂಡತಿಯ ಜಾಗದಲ್ಲಿ ಕೂತ.

"ಆ ಪಟ್ಟಿ ಮತ್ತ ಹಾಕಸಬ್ಯಾಡ," ಎಂದ.

"ಮತ್ತ ಸೋಮವಾರ, ಅಪ್ಪಾ?"

"ಗಂಟು ವ್ಯಾನಿನ್ಯಾಗ ಹೋಗ್ತಾವ. ಕಾರ್ ಮನ್ಯಾಗ ಇರ್ಲಿ." ಅಮರಪ್ಪ ಕಿಟಕಿಯತ್ತ ಮುಖ ತಿರುಗಿಸಿದ. "ಮನಿಗೆ ನಡಿ. ಸಾವಕಾಶ ಹೊಡಿ, ದಾರ್ಯಾಗ ತಗ್ಗು ಅದಾವ."